ಬಾಗಿಲಲ್ಲಿ ಕಾಟಿ, ಒಳಗೆ ಊಸಿ

ನನ್ನ ಮಾವ ಫೋನಿನಲ್ಲಿ ಮಾತಾಡುವಾಗ ಮಾತ್ರ ಮಾಸ್ಕ್ ಹಾಕಿಕೊಳ್ಳುತ್ತಿದ್ದರು. ಹೇಳಿದರೆ ಕಟ್ಟುಕತೆ ಅನ್ನಿಸಬಹುದು, ಆದರೆ ಅದೇ ಮನೆಯಲ್ಲಿ ಇದ್ದವಳು ನಾನು. ಕೊರೊನಾ ಬಂದ ಹೊಸದರಲ್ಲಿ ಯಾರಿಗೆ ಫೋನ್ ಹಚ್ಚಿದರೂ ಮೊದಲು ಯಾರೋ ಕೆಮ್ಮುವ ಸದ್ದು ಕೇಳುತ್ತಿತ್ತಲ್ಲ, ಆಮೇಲೆ ಕೈ ತೊಳೆಯಿರಿ ಎಂಬ ಬುದ್ಧಿಮಾತು. ಮಾವ ಅದನ್ನು ಕೇಳಿ ಕೇಳಿ ಒಂದು ತೀರ್ಮಾನಕ್ಕೆ ಬಂದಿದ್ದರು. ಊರಿನಲ್ಲಿ ಯಾರೂ ಕೆಮ್ಮುತ್ತಿಲ್ಲ, ಕೆಮ್ಮುತ್ತಿರುವುದು ಫೋನು. ಹಾಗಾಗಿ ಫೋನು ಸದ್ದು ಮಾಡಿದ ಕೂಡಲೇ ಕುತ್ತಿಗೆಯಲ್ಲಿ ತೂಗುತ್ತಿದ್ದ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಮಾತು ಮುಗಿದ ಮೇಲೆ ಕೆಳಗಿಳಿಸಿ, ಎದುರಿಗೆ ನಿಂತವರ ಮುಖಕ್ಕೆ ಮುಖ ಕೊಟ್ಟು ಹರಟುತ್ತಿದ್ದರು.

ನಮ್ಮ ಹಟ್ಟಿ ನೀಲಗಿರಿಯಲ್ಲಿ, ಕೋತಗಿರಿಯ ಆಚೆ, ಬಸ್ಸು ತಿರುಗಿ ನಿಲ್ಲುವ ಜಾಗದಿಂದ ಇಳಿಜಾರಿಗೆ ಇದೆ. ಸುತ್ತ ಟೀ ತೋಟ, ನಡುವೆ ಸಾಲುಮನೆಗಳು. ನಾನು ಅಲ್ಲಿಗೆ ಸೊಸೆಯಾಗಿ ಬಂದವಳು, ಸರ್ಕಾರಿ ಶಾಲೆಯಲ್ಲಿ ಟೀಚರು. ಅಚ್ಚಿನ ಕನ್ನಡ ಕಲಿತದ್ದು ಮೈಸೂರಿನಲ್ಲಿ ಓದುವಾಗ. ಹಟ್ಟಿಯಲ್ಲಿ ನಾವು ಆಡುವುದು ಬಡಗ ಮಾತು. ಇಲ್ಲಿ ಅದನ್ನು ಓದುವವರಿಗೆ ತಿಳಿಯುವಷ್ಟು ಕನ್ನಡದ ಹತ್ತಿರಕ್ಕೆ ತಂದು ಬರೆಯುತ್ತಿದ್ದೇನೆ. ಮಾವನ ಬಾಯಲ್ಲಿ ಅದು ಇನ್ನೂ ಚೆನ್ನಾಗಿರುತ್ತಿತ್ತು.

ಮಾವನಿಗೆ ಮಾಸ್ಕಿನ ಮೇಲೆ ಇದ್ದ ಸಿಟ್ಟಿಗೆ ಅವರ ಮೂಗು ಕಾರಣ. ಕೊಯ್ದ ಟೀ ಎಲೆಯ ಚೀಲಕ್ಕೆ ಮುಖ ಹಾಕಿ, ಇದು ಬೆಳಗಿನ ಲೀಫು, ಇದು ಮಧ್ಯಾಹ್ನದ್ದು, ಇದು ಪಕ್ಕದ ಮನೆಯವನ ತೋಟದ್ದು ಎಂದು ಹೇಳಬಲ್ಲೆ ಎಂದು ಅವರು ನಂಬಿದ್ದರು. ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಿರಲಿಲ್ಲ. "ಎನ್ನ ಮೂಗ ಕಟ್ಟಿದರೆ ಎನ್ನ ಕೈ ಕಟ್ಟಿದ ಹಾಗೆ" ಎನ್ನುತ್ತಿದ್ದರು. ಆದರೆ ಅಂತರ ಕಾಯುವ ವಿಷಯದಲ್ಲಿ ಮಾತ್ರ ಅವರಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ನಮ್ಮಲ್ಲಿ ಕಿರಿಯರು ತಲೆ ಬಾಗಿಸಿದರೆ ಹಿರಿಯರು ನೆತ್ತಿ ಮುಟ್ಟಿ ಹರಸಬೇಕು. ಮಾವ ಆ ಕಾಲದಲ್ಲಿ ಕೊಡೆಯನ್ನು ಮುಂದಕ್ಕೆ ಚಾಚಿ ಅದರ ತುದಿಯನ್ನು ನೆತ್ತಿಗೆ ತಾಗಿಸಿ ಹರಸುತ್ತಿದ್ದರು. ನನ್ನ ತಂಗಿಯ ಮದುವೆಯಲ್ಲಿ ಮದುಮಕ್ಕಳಿಬ್ಬರೂ ಹೀಗೆಯೇ ಕೊಡೆಯಿಂದ ಆಶೀರ್ವಾದ ಪಡೆದರು. ಮದುಮಗನ ಪೇಟ ವಾಲಿತು. ಯಾರೂ ನಗಲಿಲ್ಲ. ಆ ವರ್ಷ ಎಲ್ಲವೂ ಹಾಗೆಯೇ ಇತ್ತು.

ಎರಡನೆಯ ಅಲೆ ಬಂದಾಗ ನಗು ಕಡಿಮೆಯಾಯಿತು. ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುತ್ತಿದ್ದವರೊಬ್ಬರು, ಮಾವನ ಜೊತೆ ದಿನವೂ ಜಗಳವಾಡುತ್ತಿದ್ದವರು, ಊಟಿಯ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ನಮ್ಮಲ್ಲಿ ಸಾವು ಎಂದರೆ ಸುತ್ತಲಿನ ಹಟ್ಟಿಗಳೆಲ್ಲ ಕೂಡುತ್ತವೆ. ಅವರಿಗೆ ಕೂಡಿದ್ದು ಆಂಬುಲೆನ್ಸಿನವರು ಮತ್ತು ಮಗ. ಆ ದಿನ ಮಾವ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಸಂಜೆಯವರೆಗೂ ಒಂದೇ ಮಾತು ಹೇಳಿದರು: "ಅವನ ತಕ್ಕಡಿ ಸರಿಯೇ ಇತ್ತು. ನಾನೇ ಸುಮ್ಮನೆ ಬೈದೆ."

ಮರುದಿನ ಅತ್ತೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನನ್ನನ್ನು ಕೇಳಿದರು, "ಆ ಊಸಿ ಎಂಗ ಹಟ್ಟಿಗೆ ಯಾವಾಗ ಬರುತ್ತದೆ?"

ಎಂಗ ಎಂದರೆ ನಮ್ಮ. ಊಸಿ ಎಂದರೆ ಸೂಜಿ, ತಮಿಳಿನಿಂದ ನಮ್ಮ ಬಾಯಿಗೆ ಬಂದ ಮಾತು. ಲಸಿಕೆಗೆ ನಮ್ಮವರು ಇಟ್ಟ ಹೆಸರು ಅದೇ.

ಒಳಗಿನ ಕೋಣೆಯಿಂದ ಮಾವ ಕೇಳಿಸಿಕೊಂಡರು. "ಊಸಿಯೂ ಬೇಡ, ಒಂದೂ ಬೇಡ. ಎಂಗ ಎಮ್ಮೆಗೆ ಡಾಕ್ಟರು ಊಸಿ ಹಾಕಿದಾಗ ಏನ ಆತು? ಒಂದು ವಾರ ಹಾಲು ಇಲ್ಲೆ."

ಅತ್ತೆ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ನಾ ಏನ ಹಾಲು ಕೊಡುವ ಎಮ್ಮೆಯಾ?"

ಮಾವ ಬಾಗಿಲಿಗೆ ಬಂದು, "ಎಮ್ಮೆಗೇ ಹಾಗಾದರೆ ನಿನಗ ಏನಾಗಬೇಡ?" ಎಂದರು. ಅವರ ಪ್ರಕಾರ ವಾದ ಅಲ್ಲಿಗೆ ಮುಗಿದಿತ್ತು.

ಶಾಲೆ ಮುಚ್ಚಿದ್ದರಿಂದ ನಮ್ಮಂಥ ಟೀಚರುಗಳನ್ನು ಲಸಿಕೆ ಹಾಕುವ ಕಡೆಗೆ ಸಹಾಯಕ್ಕೆ ಕಳಿಸುತ್ತಿದ್ದರು. ನಮ್ಮ ಹಟ್ಟಿಯ ಸರದಿ ಬಂದಾಗ ನನ್ನನ್ನು ಅಲ್ಲಿಗೇ ಹಾಕಿದರು. ಹಟ್ಟಿಯ ಮೇಲ್ಭಾಗದಲ್ಲಿ, ಟೀ ಗಿಡಗಳ ನಡುವೆ ಒಂದು ಸಮುದಾಯ ಭವನ ಇದೆ. ಮುಂದೆ ಒಂದೇ ಬಾಗಿಲು, ಮೂರು ನಾಲ್ಕು ಮೆಟ್ಟಿಲು. ಹಿಂದಿನ ಬಾಗಿಲಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿ, ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಒಂದು ಹಳೆಯ ಜಗಳವಾಗಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು.

ಊಸಿ ಹಾಕಲು ಬಂದ ನರ್ಸಮ್ಮ ಗೂಡಲೂರು ಕಡೆಯವರು. ಮಾತು ತಮಿಳು, ಸಿಟ್ಟು ಬಂದರೆ ಮಲಯಾಳ. ಬಂದವರೇ ಕಿಟಕಿಗಳನ್ನೆಲ್ಲ ತೆರೆಸಿದರು, ಕುರ್ಚಿಗಳನ್ನು ದೂರ ದೂರ ಇಡಿಸಿದರು, ಐಸ್ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಟ್ಟು ಕಾದರು. ಹಟ್ಟಿಯ ಜನ ಬರಲಿಲ್ಲ. ಎದುರಿನ ಮನೆಗಳ ತಾರಸಿಯ ಮೇಲೆ ನಿಂತು ನಮ್ಮನ್ನು ನೋಡಿದರು. ಎಲ್ಲರಿಗೂ ಆಸೆಯೂ ಇತ್ತು, ಭಯವೂ ಇತ್ತು, ಮೊದಲು ಬೇರೆ ಯಾರಾದರೂ ಹೋಗಲಿ ಎಂಬ ಯೋಚನೆಯೂ ಇತ್ತು. ಬಂದವರು ನಾಲ್ಕೇ ಜನ: ಪೋಸ್ಟಾಫೀಸಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ, ಅಕ್ಕತಂಗಿಯರಾದ ಇಬ್ಬರು ಹೆಂಗಸರು, ಮತ್ತು ತಲೆಗೆ ಎಲೆ ಕೊಯ್ಯುವ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಖಾಲಿ ಚೀಲ ಹಾಕಿಕೊಂಡು ಬಂದ ನನ್ನ ಅತ್ತೆ. ಮಾವನಿಗೆ ತೋಟಕ್ಕೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದರು. ಭವನದ ಸುತ್ತ ಇರುವುದೂ ತೋಟವೇ ಆದ್ದರಿಂದ ಸುಳ್ಳಾಗಲಿಲ್ಲ.

ಪೋಸ್ಟಿನ ಅಜ್ಜನಿಗೆ, ಆ ಅಕ್ಕತಂಗಿಯರಿಗೆ ಊಸಿ ಆಯಿತು. ಅತ್ತೆ ಕುರ್ಚಿಯಲ್ಲಿ ಕೂತು ತೋಳು ತೆರೆದರು. ಅಷ್ಟರಲ್ಲಿ ಹೊರಗೆ ಕೊಡೆಯ ಟಕಟಕ ಸದ್ದು ಕೇಳಿತು. ಯಾರೋ ಸುದ್ದಿ ಮುಟ್ಟಿಸಿದ್ದರು.

ಮಾವ ಒಳಗೆ ಬಂದರು. ಮಾಸ್ಕ್ ಗದ್ದದ ಕೆಳಗಿತ್ತು. "ಏಳು" ಎಂದರು ಅತ್ತೆಗೆ.

"ತಾತಾ, ಮಾಸ್ಕ್ ಪೋಡುಂಗ" ಎಂದರು ನರ್ಸಮ್ಮ.

"ನಾ ಊಸಿಗೆ ಬಂದವನಲ್ಲ. ಹೆಂಡತಿಯ ಕರೆದುಕೊಂಡು ಹೋಗಲು ಬಂದವ. ಅದಕ್ಕೆ ಮಾಸ್ಕು ಬೇಡ."

"ಕೊರೊನಾಕ್ಕೆ ನೀವು ಯಾಕೆ ಬಂದಿರಿ ಅಂತ ಗೊತ್ತಾಗುವುದಿಲ್ಲ ತಾತಾ" ಎಂದು ನರ್ಸಮ್ಮ ಅತ್ತೆಯ ತೋಳಿಗೆ ಹತ್ತಿ ಒತ್ತಿ, ಸೂಜಿ ಚುಚ್ಚಿ, ತೆಗೆದೂ ಬಿಟ್ಟರು. ಮಾವ ಬಾಯಿ ತೆರೆಯುವಷ್ಟರಲ್ಲಿ ಆಗಿಹೋಗಿತ್ತು. ಅವರು ಹೆಂಡತಿಯ ತೋಳನ್ನೇ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, "ಇರುವೆ ಕಚ್ಚಿದ ಹಾಗೆ" ಎಂದರು.

"ನಡೆ ಮನೆಗೆ."

"ಅರ್ಧ ಗಂಟೆ ಕೂರಬೇಕು" ಎಂದರು ನರ್ಸಮ್ಮ.

"ನಡೆ ಅಂದರೆ ನಡೆ" ಎಂದು ಮಾವ ಬಾಗಿಲ ಕಡೆ ತಿರುಗಿದವರು ಅಲ್ಲೇ ನಿಂತರು.

ಮೆಟ್ಟಿಲ ಬುಡದಲ್ಲಿ ಒಂದು ಕಾಟಿ ನಿಂತಿತ್ತು. ನಮ್ಮ ಕಡೆ ಕಾಡುಕೋಣ ಬರುವುದು ಹೊಸದೇನಲ್ಲ; ಟೀ ಗಿಡದ ನಡುವೆ, ಬಸ್ ನಿಲ್ದಾಣದಲ್ಲಿ, ಕೆಲವೊಮ್ಮೆ ಶಾಲೆಯ ಕೊಳಾಯಿಯ ಹತ್ತಿರ. ಆದರೆ ಇಷ್ಟು ಹತ್ತಿರದಲ್ಲಿ, ಒಂಟಿ ಮುದಿ ಗೂಳಿಯನ್ನು ನಾನು ನೋಡಿರಲಿಲ್ಲ. ಬಾಗಿಲಿನಷ್ಟು ಅಗಲ, ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಬಣ್ಣ. ಮಾವ ಅದರ ಪಕ್ಕದಿಂದಲೇ ನಡೆದು ಬಂದಿರಬೇಕು. ಗೋಡೆಯ ಮರೆಯಲ್ಲಿ ಮೇಯುತ್ತಿದ್ದದ್ದು ಕಂಡಿರಲಿಲ್ಲ. ಆ ಮೂಗಿಗೆ ವಾಸನೆಯೂ ಬಂದಿರಲಿಲ್ಲ. ಇದನ್ನು ಅತ್ತೆ ಅಲ್ಲಿಯೇ, ಜೋರಾಗಿ, ಎತ್ತಿ ಹೇಳಿದರು.

ಕಾಟಿ ನಮ್ಮನ್ನು ನೋಡಿತು. ಮುಂಗಾಲು ಮಡಚಿತು. ಮೆಟ್ಟಿಲಿಗೆ ಅಡ್ಡಲಾಗಿ ಮಲಗಿ ಮೆಲುಕು ಹಾಕತೊಡಗಿತು.

ನಾನು ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದೆ. ಅರಣ್ಯ ಇಲಾಖೆಗೆ ಫೋನ್ ಮಾಡಿದೆವು. ಇನ್ನೊಂದು ಕಾಟಿ ಯಾರದೋ ಮನೆಯ ಹೊಸ ಶೌಚಾಲಯದ ಗುಂಡಿಗೆ ಬಿದ್ದಿದೆ, ಅದನ್ನು ಎತ್ತಿದ ಮೇಲೆ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಅದನ್ನು ಕೆಣಕಬೇಡಿ ಎಂದರು. ನಾನು ಇದನ್ನು ಎಲ್ಲರಿಗೂ ತಿಳಿಸಿದೆ. ಪೋಸ್ಟಿನ ಅಜ್ಜ, "ಮಲಗಿದ ಕಾಡೆಮ್ಮೆ ಯಾವಾಗ ಏಳುತ್ತದೆ ಅಂತ ಅದಕ್ಕೇ ಗೊತ್ತಿಲ್ಲೆ" ಎಂದು ಕಣ್ಣು ಮುಚ್ಚಿ ಕೂತರು.

ಹೀಗೆ ನಾವು ಏಳು ಜನ ಒಳಗೆ ಉಳಿದೆವು. ಅದರಲ್ಲಿ ಮಾಸ್ಕ್ ಸರಿಯಾಗಿ ಹಾಕಿಕೊಳ್ಳದವರು ಒಬ್ಬರೇ.

"ನೋಡಿ ತಾತಾ" ಎಂದರು ನರ್ಸಮ್ಮ, "ಹೊರಗೆ ಇದ್ದಿದ್ದರೆ ನಿಮ್ಮ ಇಷ್ಟ. ಒಂದೇ ಕೋಣೆಯ ಗಾಳಿಯನ್ನು ಎಲ್ಲರೂ ಉಸಿರಾಡಬೇಕು. ನಾನು ದಿನವೂ ಆಸ್ಪತ್ರೆಯಿಂದ ಬರುವವಳು. ನನ್ನ ಉಸಿರಿನಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ. ಇಬ್ಬರೂ ಹಾಕಿಕೊಂಡರೆ ಇಬ್ಬರಿಗೂ ಒಳ್ಳೆಯದು."

ಮಾವ ಕೇಳಲಿಲ್ಲ. ಒಳಗಿನ ಗಾಳಿಯೇ ಬೇಡ ಎಂದು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಕಿಟಕಿಗೆ ಮುಖ ಮಾಡಿ ಕೂತರು. ಸರಳಿನ ನಡುವೆ ಮೂಗು ಇಟ್ಟು ಜೋರಾಗಿ ಉಸಿರೆಳೆದುಕೊಂಡರು. "ಇದು ಗಾಳಿ" ಎಂದು ನಮಗೆಲ್ಲ ಕೇಳುವ ಹಾಗೆ ಹೇಳಿದರು.

ಸ್ವಲ್ಪ ಹೊತ್ತಿಗೆ ಕಾಟಿಗೆ ಮಲಗಿ ಬೇಸರವಾಯಿತೇನೋ, ಎದ್ದು ಗೋಡೆಯ ಉದ್ದಕ್ಕೂ ಕತ್ತು ಉಜ್ಜುತ್ತಾ ಬಂತು. ಕಿಟಕಿಯ ಹತ್ತಿರ ಬಂದು ತಲೆ ಎತ್ತಿತು. ಮಾವನೂ ಕಾಟಿಯೂ ಒಂದು ಗೇಣಿನ ಅಂತರದಲ್ಲಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಕಾಟಿ ಸೀನಿತು.

ಅಂಥ ಸೀನನ್ನು ನಾನು ಹಿಂದೆ ಕೇಳಿಲ್ಲ, ಮುಂದೆ ಕೇಳಲಾರೆ. ಕಿಟಕಿಯ ಕದ ಅಲುಗಿತು. ಮಾವನ ಮುಖ, ಕನ್ನಡಕ, ಬಿಳಿ ಮುಂಡಾಸು, ಎದೆಯವರೆಗಿನ ಶಾಲು ಎಲ್ಲ ಒದ್ದೆ. ಕಾಟಿ ಹೋಗಿ ಮತ್ತೆ ಮೆಟ್ಟಿಲಿಗೆ ಅಡ್ಡ ಮಲಗಿತು.

ಮಾವ ಕನ್ನಡಕ ತೆಗೆದು ಸಣ್ಣ ದನಿಯಲ್ಲಿ ಕೇಳಿದರು, "ಕೂಸೆ, ಇದಕ್ಕೂ ಕೊರೊನಾ ಬರುತ್ತದಾ?"

ನನಗೆ ಗೊತ್ತಿರಲಿಲ್ಲ. ನರ್ಸಮ್ಮನನ್ನು ಕೇಳಿದೆ. ಅವರು ಯೋಚಿಸಿ, ತಮಗೂ ಗೊತ್ತಿಲ್ಲ ಎಂದರು. ಪೋಸ್ಟಿನ ಅಜ್ಜ ಕಣ್ಣು ತೆರೆಯದೆಯೇ, "ಮಸಿನಗುಡಿ ಕಡೆ ಆನೆಗಳ ಮೂಗಿಗೂ ಕಡ್ಡಿ ಹಾಕಿ ಟೆಸ್ಟ್ ಮಾಡಿದರಂತೆ. ಸುಮ್ಮನೆ ಮಾಡುತ್ತಾರಾ?" ಎಂದರು.

ಮಾವ ಎದ್ದು ಹೋಗಿ ನರ್ಸಮ್ಮನ ಸಾಬೂನಿನಲ್ಲಿ ಮುಖ ತೊಳೆದರು. ಮತ್ತೆ ತೊಳೆದರು. ಹೊಸ ಮಾಸ್ಕ್ ಕೇಳಿ ಇಸಿದುಕೊಂಡು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿ, ಗೋಡೆಯ ಮೂಲೆಯಲ್ಲಿ ಎಲ್ಲರಿಂದ ದೂರ ಕೂತರು. ಆ ಗಳಿಗೆಯಿಂದ ಅವರ ಮುಖದಲ್ಲಿ ಮಾಸ್ಕ್ ಕೆಳಗಿಳಿದದ್ದನ್ನು ನಾನು ಊಟದ ಹೊತ್ತಿನಲ್ಲಿ ಬಿಟ್ಟರೆ ಕಂಡಿಲ್ಲ.

ಅತ್ತೆಯ ಅರ್ಧ ಗಂಟೆ ಮುಗಿಯಿತು. ಮಾವ ಮೂಲೆಯಿಂದಲೇ ಅವರನ್ನು ಗಮನಿಸುತ್ತಿದ್ದರು, ಕರು ಹಾಕಿದ ಎಮ್ಮೆಯನ್ನು ನೋಡುವ ಹಾಗೆ.

"ತಲೆ ಸುತ್ತುತ್ತಾ?"

"ಇಲ್ಲೆ."

"ಕೈ ಎತ್ತು ನೋಡುವಾ."

ಅತ್ತೆ ಕೈ ಎತ್ತಿದರು. "ಈಗ ಈ ಕೈಲಿ ಹೊಡೆದು ತೋರಿಸಲಾ?" ಎಂದು ಕೇಳಿದರು. ಮಾವನಿಗೆ ಸಮಾಧಾನವಾಯಿತು.

ಮಧ್ಯಾಹ್ನವಾಯಿತು. ಕಾಟಿ ಮಲಗಿಯೇ ಇತ್ತು. ನರ್ಸಮ್ಮ ಆಗಾಗ ಗಡಿಯಾರ ನೋಡಿಕೊಳ್ಳುತ್ತಾ ಮಲಯಾಳದಲ್ಲಿ ಏನೋ ಗೊಣಗತೊಡಗಿದರು. ಮಾವ ಏನೆಂದು ನನ್ನನ್ನು ಕೇಳಿದರು. ನಾನು ವಿಚಾರಿಸಿ ಹೇಳಿದೆ: ಮದ್ದಿನ ಸೀಸೆಯನ್ನು ಒಮ್ಮೆ ತೆರೆದರೆ ಕೆಲವು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಒಂದು ಸೀಸೆಯಲ್ಲಿ ಹತ್ತು ಜನಕ್ಕೆ ಆಗುವಷ್ಟು ಇರುತ್ತದೆ. ಹಾಕಿಸಿಕೊಂಡವರು ನಾಲ್ಕು ಜನ. ನನಗೂ ನರ್ಸಮ್ಮನಿಗೂ ಮೊದಲೇ ಆಗಿದೆ. ಹೊರಗಿನಿಂದ ಯಾರೂ ಬರುವ ಹಾಗಿಲ್ಲ.

"ಚೆಲ್ಲುವುದಾ?" ಎಂದರು ಮಾವ.

ಇಲ್ಲಿ ಮಾವನ ಗುಣ ಒಂದನ್ನು ಹೇಳಬೇಕು. ಲಾರಿಯಿಂದ ರಸ್ತೆಗೆ ಉದುರಿದ ಟೀ ಎಲೆಯನ್ನು, ಅದು ಯಾರ ತೋಟದ್ದೇ ಆಗಿರಲಿ, ಬಗ್ಗಿ ಆಯ್ದುಕೊಂಡು ಬರುವವರು ಅವರು. ಅನ್ನದ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೆ ನನ್ನ ಗಂಡನಿಗೆ ಈ ವಯಸ್ಸಿನಲ್ಲೂ ಬೈಗುಳ ತಪ್ಪುತ್ತಿರಲಿಲ್ಲ. ಅವರು ಎದ್ದು ಮೇಜಿನ ಹತ್ತಿರ ಹೋಗಿ, ಕೈ ಹಿಂದಕ್ಕೆ ಕಟ್ಟಿಕೊಂಡು, ಸೀಸೆಯನ್ನು ಬಗ್ಗಿ ನೋಡಿದರು.

"ಇವಳಿಗೇ ಇನ್ನೊಂದು ಹಾಕಿದರೆ?" ಎಂದು ಅತ್ತೆಯನ್ನು ತೋರಿಸಿದರು.

"ಆಗುವುದಿಲ್ಲ ತಾತಾ."

"ಆ ಕಾಡೆಮ್ಮೆಗೆ?"

ನರ್ಸಮ್ಮ ನನ್ನ ಮುಖ ನೋಡಿದರು. ಮಾವ ತಮಾಷೆ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. "ಅದೂ ಆಗುವುದಿಲ್ಲ ಮಾಮ" ಎಂದೆ.

ಅವರು ಭವನದ ಉದ್ದಕ್ಕೂ ಅತ್ತಿಂದಿತ್ತ ನಡೆದರು. ಎದುರು ತಾರಸಿಯ ಮೇಲೆ ಹಟ್ಟಿಯ ಜನ ಹೆಚ್ಚುತ್ತಿದ್ದರು. ಕಾಟಿಯನ್ನು ನೋಡಲು ಬಂದವರು ಕಿಟಕಿಯ ಮೂಲಕ ನಮ್ಮನ್ನೂ ನೋಡುತ್ತಿದ್ದರು. ಮಾವ ಕೊನೆಗೆ ಕುರ್ಚಿಯಲ್ಲಿ ಕೂತು ಅಂಗಿಯ ಎಡತೋಳನ್ನು ಮಡಚಿದರು.

"ಎನಗ ಊಸಿಯ ಮೇಲೆ ನಂಬಿಕೆ ಬಂತು ಅಂತ ಯಾರೂ ತಿಳಿಯಬೇಡಿ" ಎಂದರು. "ವೀಣಾಗಿ, ದಂಡವಾಗಿ ಹೋಗುತ್ತದಲ್ಲ ಅಂತ. ಎಡಗೈಗೆ ಹಾಕು. ಬಲಗೈ ಕೆಲಸಕ್ಕೆ ಬೇಕು."

ಆದರೆ ಸೂಜಿ ಹತ್ತಿರ ಬಂದಾಗ ಮಾವ ಮಾಸ್ಕನ್ನು ಮೂಗಿನಿಂದ ಮೇಲಕ್ಕೆಳೆದು ಕಣ್ಣಿಗೆ ಕಟ್ಟಿಕೊಂಡುಬಿಟ್ಟರು. ಸೂಜಿ ನೋಡಲು ಅವರಿಗೆ ಆಗದು ಎಂಬುದು ನನಗೆ ಆಗಲೇ ತಿಳಿದದ್ದು. ಅತ್ತೆಗೆ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ, ಅವರು ಮಾಸ್ಕಿನೊಳಗೆ ನಗುತ್ತಿದ್ದರು.

"ಮೂಗು, ತಾತಾ! ಮೂಗು ಮುಚ್ಚಿ!"

"ಆಗ ಕಣ್ಣು?"

"ಕಣ್ಣಿನ ವಿಷಯ ನನಗೆ ಗೊತ್ತಿಲ್ಲ. ಮೂಗು ಮುಚ್ಚದೆ ನಾನು ಹತ್ತಿರ ಬರುವುದಿಲ್ಲ."

ಇದಕ್ಕೆ ಪರಿಹಾರ ಕಂಡದ್ದು ಅತ್ತೆ. ಇನ್ನೊಂದು ಹೊಸ ಮಾಸ್ಕ್ ತೆಗೆದುಕೊಂಡು ಅದರ ದಾರಗಳನ್ನು ಮಾವನ ಕಿವಿಗೆ ಸಿಕ್ಕಿಸಿದರು. ಒಂದು ಮಾಸ್ಕ್ ಕಣ್ಣಿಗೆ, ಒಂದು ಮೂಗು ಬಾಯಿಗೆ. ಮುಂಡಾಸಿನಿಂದ ಗದ್ದದವರೆಗೆ ಮಾವನ ಮುಖ ಎಲ್ಲೂ ಕಾಣದ ಹಾಗಾಯಿತು. ನರ್ಸಮ್ಮ ಊಸಿ ಹಾಕಿದರು. ಮಾವ, "ಯಾವಾಗ ಹಾಕುವೆ?" ಎಂದು ಕೇಳಿದರು.

"ಆಯಿತು ತಾತಾ. ಅರ್ಧ ಗಂಟೆ ಕೂತಿರಿ."

ಅವರು ಹಾಗೆಯೇ ಕೂತರು, ಎರಡು ಮಾಸ್ಕಿನ ಹಿಂದೆ, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು. ಕಣ್ಣಿನದ್ದನ್ನು ತೆಗೆಯಬಹುದು ಎಂದು ನಾನು ಹೇಳಿದೆ. "ಎಲ್ಲ ಮುಗಿಯಲಿ" ಎಂದರು. ನಾವೆಲ್ಲ ಅವರನ್ನೇ ನೋಡುತ್ತಿದ್ದುದರಿಂದ ಕಾಟಿ ಎದ್ದು ಹೋದದ್ದನ್ನು ಯಾರೂ ಗಮನಿಸಲಿಲ್ಲ. ತಾರಸಿಯ ಮೇಲಿನವರು ಕೂಗಿದಾಗ ಬಾಗಿಲು ತೆರೆದೆ. ಮೆಟ್ಟಿಲು ಖಾಲಿ. ಒಂದು ದೊಡ್ಡ ಸಗಣಿ ಬಿಟ್ಟರೆ ಏನೂ ಇರಲಿಲ್ಲ. ಅಕ್ಕತಂಗಿಯರು ಓಡಿದರು, ಪೋಸ್ಟಿನ ಅಜ್ಜ ಮೆಲ್ಲಗೆ ಹೋದರು. ಉಳಿದ ಮದ್ದಿಗೆ ಆ ದಿನ ಯಾರೂ ಸಿಗಲಿಲ್ಲ. ಅದನ್ನು ನಾವು ಮಾವನಿಗೆ ಹೇಳಲಿಲ್ಲ. ಅವರು ತಮ್ಮ ಅರ್ಧ ಗಂಟೆಯನ್ನು ಪೂರ್ತಿ ಕೂತು, ಅತ್ತೆಯ ಚೀಲದ ಪಟ್ಟಿ ಹಿಡಿದುಕೊಂಡು ಮನೆಗೆ ನಡೆದರು.

ಆ ರಾತ್ರಿ ಇಬ್ಬರಿಗೂ ಜ್ವರ. ಊಸಿ ಹಾಕಿದ ಮೇಲೆ ಒಂದೆರಡು ದಿನ ಹೀಗಾಗುವುದು ಸಹಜ ಎಂದು ನರ್ಸಮ್ಮ ಹೇಳಿ, ಮಾತ್ರೆ ಕೊಟ್ಟು ಹೋಗಿದ್ದರು. ಹಟ್ಟಿಯವರು ಬಂದು ಬಾಗಿಲಲ್ಲಿ ನಿಂತು ಕೇಳಿದರೆ ಮಾವ ಕಂಬಳಿಯೊಳಗಿನಿಂದ, "ಊಸಿಯಿಂದ ಅಲ್ಲ, ಆ ಕಾಡೆಮ್ಮೆಯ ಸೀನಿನಿಂದ" ಎನ್ನುತ್ತಿದ್ದರು. ನಾನು ತಿದ್ದಲು ಹೋದೆ. ಅತ್ತೆ ನನ್ನ ಕೈ ಹಿಡಿದರು. "ಸುಮ್ಮನಿರು ಕೂಸೆ. ಬೈಗುಳ ಕಾಟಿಗೆ ಹೋದರೆ ಊಸಿಗೆ ಒಳ್ಳೆಯದು."

ಅವರ ಮಾತು ನಿಜವಾಯಿತು. ಎರಡನೆಯ ದಿನ ಮಾವ ಎದ್ದು ತೋಟಕ್ಕೆ ಹೋದದ್ದನ್ನು ಹಟ್ಟಿ ಕಂಡಿತು. ಕಾಡುಕೋಣದ ಸೀನನ್ನೇ ತಡೆದ ಊಸಿ ಎಂಬ ಸುದ್ದಿ ಕೆಳಗಿನ ಹಟ್ಟಿಗಳಿಗೂ ಹೋಯಿತು. ಮುಂದಿನ ಸಲ ನರ್ಸಮ್ಮ ಬಂದಾಗ ಭವನದ ಮೆಟ್ಟಿಲಿನಿಂದ ಬಸ್ಸಿನ ರಸ್ತೆಯವರೆಗೆ ಜನ ನಿಂತಿದ್ದರು. ಅವರು ಪೆಟ್ಟಿಗೆ ಇಳಿಸಿ, ಸಾಲನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಟೀಚರ್, ಇವರೆಲ್ಲ ಯಾಕೆ ಎರಡೆರಡು ಮಾಸ್ಕ್ ತಂದಿದ್ದಾರೆ?"

ತಾರಸಿಯಿಂದ ಮಾವನನ್ನು ನೋಡಿದ್ದವರು ಅದನ್ನೇ ಸರ್ಕಾರದ ಕ್ರಮ ಎಂದು ತಿಳಿದಿದ್ದರು. ಒಬ್ಬೊಬ್ಬರೇ ಬಂದು ಕುರ್ಚಿಯಲ್ಲಿ ಕೂತು, ಒಂದು ಮಾಸ್ಕನ್ನು ಮೂಗಿಗೆ ಸರಿಯಾಗಿ ಕಟ್ಟಿ, ಇನ್ನೊಂದನ್ನು ಕಣ್ಣಿಗೆ ಕಟ್ಟಿಕೊಂಡು ತೋಳು ಚಾಚುತ್ತಿದ್ದರು. ನಾನು ಇಬ್ಬರು ಮೂವರಿಗೆ ಬಿಡಿಸಿ ಹೇಳಿದೆ. ಅವರು ಕಣ್ಣಿನದ್ದನ್ನು ತೆಗೆದರು, ಸೂಜಿಯನ್ನು ನೋಡಿದರು, ಎದ್ದು ಹೋಗಲು ನೋಡಿದರು. ನರ್ಸಮ್ಮ ನನ್ನ ಮೊಣಕೈ ಚಿವುಟಿ, "ಕ್ರಮವೇ ಅಂತ ಹೇಳಿ" ಎಂದು ಪಿಸುಗುಟ್ಟಿದರು. ಸಂಜೆಯ ಹೊತ್ತಿಗೆ ಅವರು ತಂದ ಸೀಸೆಗಳೆಲ್ಲ ಖಾಲಿ. ಎರಡನೆಯ ಊಸಿಯೂ ಹೀಗೆಯೇ ಆಯಿತು. ಅತ್ತೆ ನರ್ಸಮ್ಮನಿಗೆ ಒಂದು ಚೀಲ ಬಟಾಟೆ, ಬಿಸಿ ಬಿಸಿ ಅವರೆ ಉದಕ, ಎಂದರೆ ಅವರೆಕಾಳಿನ ಸಾರು, ಕೊಟ್ಟು ಕಳಿಸಿದರು.

ಮರುವರ್ಷದ ಚಳಿಯಲ್ಲಿ ಕೊರೊನಾ ನಮ್ಮ ಹಟ್ಟಿಗೂ ಬಂತು. ನಮ್ಮ ಮನೆಗೂ ಬಂತು. ಮೊದಲು ನನ್ನ ಗಂಡ, ಊಟಿಯ ಕಚೇರಿಯಿಂದ ತಂದರು; ಆಮೇಲೆ ಮಾವ. ಗಂಟಲು ನೋವು, ಮೈಕೈ ನೋವು, ಜ್ವರ. ನಾನು ಬೆರಳಿಗೆ ಸಿಕ್ಕಿಸುವ ಯಂತ್ರವನ್ನು ತಂದು ಆಕ್ಸಿಜನ್ ಮಟ್ಟ ನೋಡುತ್ತಿದ್ದೆ, ಅದು ಇಳಿಯಲಿಲ್ಲ. ಆ ಚಳಿಗಾಲದಲ್ಲಿ ಹಟ್ಟಿಯಲ್ಲಿ ಬಹಳ ಮನೆಗಳಲ್ಲಿ ಕೆಮ್ಮು ಕೇಳಿತು. ಆಂಬುಲೆನ್ಸ್ ನಮ್ಮ ಇಳಿಜಾರಿಗೆ ಬರಲಿಲ್ಲ.

ಮಾವ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗಿದರು, ಅತ್ತೆ ಬಾಗಿಲ ಹೊರಗೆ ಮಾಸ್ಕ್ ಹಾಕಿಕೊಂಡು, ಗೋಡೆಗೆ ಒರಗಿ ಕೂತಿರುತ್ತಿದ್ದರು. ಗಂಜಿಯನ್ನು ಹೊಸ್ತಿಲಲ್ಲಿ ಇಟ್ಟು ದೂರ ಸರಿಯುತ್ತಿದ್ದರು. ಮದುವೆಯಾದ ದಿನದಿಂದ ಅವರಿಬ್ಬರೂ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಮುಖ ಕಾಣದೆ ಇದ್ದರೆ ಸುಲಭವೇನೋ. ಹಳೆಯ ಬಟಾಟೆ ಬೆಳೆ, ಸತ್ತುಹೋದ ಎಮ್ಮೆಗಳು, ಯಾರೋ ಅತ್ತಿಗೆ ಎಂದೋ ಆಡಿದ ಮಾತು, ಎಲ್ಲ ಬಾಗಿಲಿನ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು.

ಒಂದು ಬೆಳಗ್ಗೆ ಜ್ವರ ಬಿಟ್ಟಿತ್ತು. ನಾನು ಕಾಫಿ ತೆಗೆದುಕೊಂಡು ಹೋದಾಗ ಒಳಗಿನಿಂದ ಮಾವ ಕೇಳುತ್ತಿದ್ದರು, "ಎನಗ ವಾಸಿಯಾತು. ಹೊರಗೆ ಬರಲಾ?"

ಅತ್ತೆ ಮಾಸ್ಕ್ ಸರಿಮಾಡಿಕೊಂಡು ಗೋಡೆಗೆ ಇನ್ನಷ್ಟು ಒರಗಿದರು.

"ಇನ್ನೆರಡು ದಿನ ಅಲ್ಲೇ ಇರು" ಎಂದರು. "ನಿನ್ನ ಅಕ್ಕನ ಮದುವೆಯ ಕತೆ ಅರ್ಧಕ್ಕೆ ನಿಂತಿದೆ."